ಹಲ್ಲಿಲ್ಲದ ಮೀನು, ಕಣ್ಣಿಲ್ಲದ ಸಂರಕ್ಷಣೆ

ನದಿಗೆ ಮೀನುಮರಿ ಬಿಡುವ ಸಮಾರಂಭ ಈಗ ಎಲ್ಲರಿಗೂ ಪರಿಚಿತ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳು ಜೀಪಿನಲ್ಲಿ ಬರುತ್ತವೆ. ಗಣ್ಯರು ಮೊಣಕಾಲುದ್ದ ನೀರಿಗಿಳಿದು, ಬಾಗಿನ ಅರ್ಪಿಸುವ ಭಕ್ತಿಯಿಂದ ಚೀಲದ ಬಾಯಿ ಬಿಚ್ಚುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಇಷ್ಟು ಲಕ್ಷ ಮರಿಗಳನ್ನು ಬಿಡಲಾಯಿತೆಂಬ ವರದಿ ಬರುತ್ತದೆ. ಮರಿಗಳ ಸಂಖ್ಯೆ ಎಲ್ಲರಿಗೂ ತಿಳಿಯುತ್ತದೆ. ಅದು ಯಾವ ಮೀನಿನ ಮರಿ, ಅದರ ತಾಯಿ ಯಾವ ಹೊಳೆಯದು, ಈ ಹೊಳೆಯಲ್ಲಿ ಮೊದಲಿನಿಂದ ಬದುಕಿದ್ದ ಮೀನುಗಳ ಗತಿಯೇನು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕೇಳದೆ ಹೋದದ್ದಕ್ಕೆ ಕಾವೇರಿ ನದಿ ಈಗಾಗಲೇ ಬೆಲೆ ತೆತ್ತಿದೆ. ಸಂರಕ್ಷಣೆಯ ಹೆಸರಿನಲ್ಲಿಯೇ ಅಲ್ಲಿ ಒಂದು ಮೀನಿನ ಸಂತತಿ ಅಳಿವಿನ ಅಂಚಿಗೆ ಸರಿಯಿತು. ತುಂಗೆ, ಭದ್ರೆ, ಶರಾವತಿ, ಅಘನಾಶಿನಿ, ನೇತ್ರಾವತಿಗಳ ದಡದಲ್ಲಿರುವವರು ಆ ಕಥೆಯನ್ನು ತಿಳಿಯಬೇಕಾದದ್ದು ಅಗತ್ಯ. ಕಾವೇರಿಯಲ್ಲಿ ನಡೆದುಹೋದದ್ದು ಇಲ್ಲಿಯೂ ನಡೆಯುವುದಕ್ಕೆ ಒಂದು ಜೀಪು, ಹತ್ತು ಚೀಲ ಸಾಕು.

ಗಂಟಲಲ್ಲಿ ಹಲ್ಲು

ಮಲೆನಾಡಿನ ಹೊಳೆಗಳಲ್ಲಿ ಕಾಣುವ ಮೀನುಗಳಲ್ಲಿ ಬಹುಪಾಲು ಸಿಪ್ರಿನಿಡೆ ಎಂಬ ಕುಟುಂಬಕ್ಕೆ ಸೇರಿದವು. ಗೆಂಡೆ ಮೀನುಗಳು, ದೇವರ ಮೀನೆಂದು ಪೂಜೆಗೊಳ್ಳುವ ಮಹಶೀರ್, ಕಲ್ಲಿಗೆ ಕಚ್ಚಿಕೊಳ್ಳುವ ಗರ್ರಾ, ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು ಎಲ್ಲವೂ ಈ ಕುಟುಂಬದವೇ. ಕರ್ನಾಟಕದ ರಾಜ್ಯ ಮೀನೆಂದು ಗುರುತಿಸಲಾದ ಕರ್ನಾಟಿಕ್ ಕಾರ್ಪ್ ಕೂಡ ಇದರದೇ ಸದಸ್ಯ. ಸಿಹಿನೀರಿನ ಮೀನುಗಳಲ್ಲಿ ಇದಕ್ಕಿಂತ ದೊಡ್ಡ ಕುಟುಂಬ ಇನ್ನೊಂದಿಲ್ಲ.

ಈ ಕುಟುಂಬದ ಎಲ್ಲ ಮೀನುಗಳಿಗೂ ಸಮಾನವಾದ ಒಂದು ಲಕ್ಷಣವಿದೆ. ಅವುಗಳ ದವಡೆಯಲ್ಲಿ ಒಂದು ಹಲ್ಲೂ ಇಲ್ಲ. ಐವತ್ತು ಕಿಲೋ ತೂಗುವ ಮಹಶೀರ್ ಮೀನಿನ ಬಾಯಿಗೆ ಬೆರಳಿಟ್ಟರೂ ಅದು ಕಚ್ಚಲಾರದು. ಅಗಿಯುವ ಕೆಲಸವೆಲ್ಲ ಗಂಟಲಲ್ಲಿ ನಡೆಯುತ್ತದೆ. ಕಿವಿರಿನ ಕೊನೆಯ ಕಮಾನಿನ ಮೇಲೆ ಸಾಲಾಗಿ ಬೆಳೆದ ಗಂಟಲ ಹಲ್ಲುಗಳು ತಲೆಬುರುಡೆಯ ತಳದ ಗಟ್ಟಿ ಮೆತ್ತೆಗೆ ಒತ್ತಿ ಆಹಾರವನ್ನು ಅರೆಯುತ್ತವೆ. ಒಳಗೆ ನಿಜವಾದ ಜಠರವೂ ಇಲ್ಲ. ಅರೆದದ್ದು ನೇರವಾಗಿ ಕರುಳಿಗೆ ಇಳಿಯುತ್ತದೆ.

ಕಚ್ಚಲು ಬಾರದ ಈ ಮೀನುಗಳು ತುಟಿ ಮತ್ತು ಗಂಟಲಿನ ರಚನೆಯಿಂದಲೇ ಹೊಳೆಯನ್ನು ಪಾಲು ಮಾಡಿಕೊಂಡಿವೆ. ಗರ್ರಾ ಮೀನಿನ ಕೆಳದುಟಿ ಬಟ್ಟಲಿನಂತಿದ್ದು, ಸೆಳವಿನಲ್ಲಿ ಬಂಡೆಗೆ ಅಂಟಿ ಪಾಚಿಯನ್ನು ಕೆರೆಯುತ್ತದೆ. ಮಹಶೀರ್ ದಡದ ಅತ್ತಿ, ನೇರಳೆ ಮರಗಳಿಂದ ಉದುರಿದ ಹಣ್ಣು ನುಂಗುತ್ತದೆ, ಶಂಖದ ಹುಳು, ಏಡಿಗಳ ಚಿಪ್ಪನ್ನು ಗಂಟಲಲ್ಲಿ ಪುಡಿಮಾಡುತ್ತದೆ. 1870ರಲ್ಲಿ ಫ್ರಾನ್ಸಿಸ್ ಡೇ ಎಂಬ ವಿಜ್ಞಾನಿ ದಕ್ಷಿಣ ಕನ್ನಡದಿಂದ ವರ್ಣಿಸಿದ ಹಿಪ್ಸೆಲೊಬಾರ್ಬಸ್ ಪುಲ್ಕೆಲಸ್ ಎಂಬ ಗೆಂಡೆ ನೀರಿನ ಸೊಪ್ಪುಸದೆ ಮೇಯುವ ಮೀನು, ಹೊಳೆಯ ದನವೆಂದರೂ ಸಲ್ಲುತ್ತದೆ. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈಯಿಡದ ಈ ವ್ಯವಸ್ಥೆ ರೂಪುಗೊಳ್ಳಲು ಹಿಡಿದದ್ದು ಲಕ್ಷಾಂತರ ವರ್ಷ. ಪಶ್ಚಿಮ ಘಟ್ಟದ ಸಿಹಿನೀರಿನಲ್ಲಿರುವ ಸುಮಾರು 300 ಜಾತಿಯ ಮೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಒಂದು ಹೊಳೆಯ ಮೀನು ಗುಡ್ಡದಾಚೆಯ ಇನ್ನೊಂದು ಹೊಳೆಯಲ್ಲಿ ಇಲ್ಲದಿರುವುದೂ ಉಂಟು. ಮೀನಿಗೆ ನೀರೆಲ್ಲ ಒಂದೇ ಎಂದು ಭಾವಿಸುವವರಿಗೆ ಈ ಮಾತು ತಿಳಿದಿರುವುದಿಲ್ಲ.

ಕಾವೇರಿಯಲ್ಲಿ ನಡೆದದ್ದು

ಕಾವೇರಿ ಕೊಳ್ಳದಲ್ಲಿ ಕಿತ್ತಳೆ ಬಣ್ಣದ ರೆಕ್ಕೆ, ತಲೆಯ ಹಿಂದೆ ಎದ್ದುನಿಂತ ಗೂನು ಇರುವ ಒಂದು ಮಹಶೀರ್ ಇದೆ. ಜಗತ್ತಿನ ಮಹಶೀರ್‌ಗಳಲ್ಲಿಯೇ ಅತಿ ದೊಡ್ಡದಾಗಿ ಬೆಳೆಯುವ ಜಾತಿ ಇದು. 1946ರಲ್ಲಿ ಈ ಕೊಳ್ಳದಲ್ಲಿ ಗಾಳಕ್ಕೆ ಬಿದ್ದ ಒಂದು ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಕಾವೇರಿಯ ಕೀರ್ತಿಯನ್ನು ದೇಶವಿದೇಶದ ಗಾಳಗಾರರಿಗೆ ಮುಟ್ಟಿಸಿದ್ದು ಈ ಮೀನೇ.

ಅಣೆಕಟ್ಟು, ತೋಟೆ, ವಿಷಗಳಿಂದ ಮಹಶೀರ್‌ಗಳು ಕಡಿಮೆಯಾಗುತ್ತಿವೆ ಎಂಬ ಆತಂಕ 1970ರ ದಶಕದಲ್ಲಿ ಮೂಡಿತು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯ ಮರಿ ಉತ್ಪಾದನಾ ಕೇಂದ್ರ ಆರಂಭವಾಯಿತು. ಅಲ್ಲಿ ಕೈಯಿಂದ ಮೊಟ್ಟೆ ಹಿಂಡಿ, ಫಲಗೊಳಿಸಿ, ಮರಿ ಮಾಡುವ ವಿಧಾನ ಯಶಸ್ವಿಯಾಯಿತು. ಉದ್ದೇಶ ಒಳ್ಳೆಯದೇ ಆಗಿತ್ತು, ವಿಜ್ಞಾನಿಗಳ ಶ್ರಮವೂ ಪ್ರಾಮಾಣಿಕವಾಗಿತ್ತು. ಆದರೆ ಅಲ್ಲಿ ಮರಿಯಾದದ್ದು ಟಾರ್ ಖುದ್ರಿ ಎಂಬ ನೀಲಿ ರೆಕ್ಕೆಯ ದಖನ್ ಮಹಶೀರ್. 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಪುಣೆಯ ಸಮೀಪದ ಹೊಳೆಯಿಂದ ವರ್ಣಿಸಿದ, ಕೃಷ್ಣಾ ಕೊಳ್ಳದ ಮೀನು ಅದು. ಸುಲಭವಾಗಿ ಮರಿಯಾಗುವ ಮೀನು ಸಿಕ್ಕಿದ್ದರಿಂದ ಅದನ್ನೇ ಲಕ್ಷಗಟ್ಟಲೆ ಉತ್ಪಾದಿಸಿ ದೇಶದ ಹಲವು ನದಿ, ಜಲಾಶಯಗಳಿಗೆ ಹಂಚಲಾಯಿತು. ಕಾವೇರಿಗೂ ಅದು ಬಂತು. ಕಾವೇರಿಯ ಗೂನುಬೆನ್ನಿನ ಮೀನು ಬೇರೆ ಜಾತಿಯೇ ಎಂಬುದನ್ನು ಪರೀಕ್ಷಿಸುವ ತಾಳ್ಮೆ ಆಗ ಯಾರಿಗೂ ಇರಲಿಲ್ಲ.

ಪರಿಣಾಮವನ್ನು ದಾಖಲಿಸಿದ್ದು ಗಾಳಗಾರರ ಹಾಜರಿ ಪುಸ್ತಕ. ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರ ತನಕ ಹಿಡಿದು ಮತ್ತೆ ನೀರಿಗೆ ಬಿಟ್ಟ ಮೀನುಗಳ ತೂಕ, ಬಣ್ಣಗಳನ್ನು ಬರೆದಿಡಲಾಗಿತ್ತು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಆರು ಸಾವಿರಕ್ಕೂ ಮಿಕ್ಕ ಆ ದಾಖಲೆಗಳನ್ನು ಜೋಡಿಸಿ ನೋಡಿತು. ನೀಲಿ ರೆಕ್ಕೆಯ ಮೀನು ವರ್ಷದಿಂದ ವರ್ಷಕ್ಕೆ ಏರಿತ್ತು, ಗೂನುಬೆನ್ನಿನದು ಇಳಿದಿತ್ತು. ಅದಕ್ಕಿಂತ ಕಳವಳಕಾರಿಯಾದ ಸಂಗತಿಯೆಂದರೆ, ಗಾಳಕ್ಕೆ ಬಿದ್ದ ಕೆಲವೇ ಗೂನುಬೆನ್ನಿನ ಮೀನುಗಳು ಬಹಳ ದೊಡ್ಡವಾಗಿದ್ದವು. ದೊಡ್ಡ ಮೀನು ಸಿಕ್ಕಿತೆಂದು ಹಿಗ್ಗಿದವರಿಗೆ ಅದರ ಅರ್ಥ ತಿಳಿಯಲಿಲ್ಲ. ಮಕ್ಕಳೆಲ್ಲ ಪೇಟೆ ಸೇರಿ, ಮುದುಕರು ಮಾತ್ರ ಉಳಿದ ಮನೆಗಳು ಮಲೆನಾಡಿಗೆ ಹೊಸತಲ್ಲ. ಕಾವೇರಿಯ ಆ ಮೀನಿನ ಸಂಸಾರವೂ ಹಾಗಾಗಿತ್ತು. ಮುದಿ ಮೀನುಗಳಿದ್ದವು, ಮರಿಗಳಿರಲಿಲ್ಲ.

ಗೂನುಬೆನ್ನಿನ ಮೀನು ಯಾವುದೆಂಬುದು ಶಾಸ್ತ್ರೀಯವಾಗಿ ಇತ್ಯರ್ಥವಾದದ್ದು 2018ರಲ್ಲಿ. ಕಾವೇರಿಯ ಉಪನದಿ ಕೊಳ್ಳಕ್ಕೆ ಸೇರಿದ ಮೋಯಾರ್ ಹೊಳೆಯಲ್ಲಿ ದೊರೆತ ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರ್ ಹೊಳೆಯಿಂದ ಹಿಂದೆ ವರ್ಣಿತವಾಗಿದ್ದ ಟಾರ್ ರೆಮಾದೇವಿಯೇ ಇದು ಎಂದು ನಿರ್ಧರಿಸಲಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ಕೆಂಪು ಪಟ್ಟಿಯ ‘ಅತ್ಯಂತ ಅಪಾಯದಲ್ಲಿರುವ’ ವರ್ಗಕ್ಕೆ ಸೇರಿಸಿತು. ಇತ್ತ ಊರೂರಿಗೆ ಹಂಚಿಹೋದ ದಖನ್ ಮಹಶೀರ್ ಅಪಾಯದ ವರ್ಗದಿಂದ ಕೆಳಗಿಳಿದು, ಆತಂಕವಿಲ್ಲದ ಜಾತಿಗಳ ಸಾಲಿಗೆ ಸೇರಿದೆ. ಉಳಿಸಲು ಹೊರಟ ಮೀನು ಎಲ್ಲೆಡೆ ಹರಡಿತು. ಉಳಿಯಬೇಕಾಗಿದ್ದ ಮೀನು ಹೆಸರು ಪಡೆಯುವ ಹೊತ್ತಿಗೆ ಮಸಣದ ದಾರಿ ಹಿಡಿದಿತ್ತು.

ಗೂನುಬೆನ್ನಿನ ಮೀನಿನ ಅವನತಿಗೆ ಈ ಒಂದೇ ಕಾರಣವಲ್ಲ. 1930ರ ದಶಕದಲ್ಲಿಯೇ ಕನ್ನಂಬಾಡಿ ಮತ್ತು ಮೆಟ್ಟೂರು ಅಣೆಕಟ್ಟುಗಳು ಕಾವೇರಿಯನ್ನು ತುಂಡರಿಸಿದ್ದವು. ಮರಳು ಗಣಿಗಾರಿಕೆ, ವಿಷ, ತೋಟೆಗಳೂ ಸೇರಿವೆ. ಆದರೆ ಏದುಸಿರು ಬಿಡುತ್ತಿದ್ದ ಮೀನಿನ ಎದೆಯ ಮೇಲೆ ಅದೇ ತುಟಿಯ, ಅದೇ ಗಂಟಲಿನ, ಅದೇ ಆಹಾರ ಬೇಡುವ ಪ್ರತಿಸ್ಪರ್ಧಿಯನ್ನು ಲಕ್ಷಗಟ್ಟಲೆ ತಂದು ಕೂರಿಸಿದ್ದನ್ನು ಸಂರಕ್ಷಣೆ ಎಂದು ಕರೆಯಲಾಯಿತು. ವಾದವಿರುವುದು ಅದರ ಬಗ್ಗೆ.

ಅಕೇಶಿಯಾ ನೆಟ್ಟ ಬುದ್ಧಿ

ಮಲೆನಾಡಿನವರಿಗೆ ಈ ತರ್ಕ ಹೊಸತಲ್ಲ. ಬಗೆಬಗೆಯ ಮರಗಳ ಕಾಡನ್ನು ಬೋಳಿಸಿ ನೀಲಗಿರಿ, ಅಕೇಶಿಯಾ ನೆಟ್ಟು, ನಕ್ಷೆಯಲ್ಲಿ ಹಸಿರು ಬಣ್ಣ ಬಳಿದದ್ದು ಇದೇ ಬುದ್ಧಿ. 1987ರಲ್ಲಿ ಧಾರವಾಡ ಜಿಲ್ಲೆಯ ಕುಸನೂರಿನ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಹೂಡಿ, ನೀಲಗಿರಿ ಸಸಿ ಕಿತ್ತು ಉಪಯುಕ್ತ ಗಿಡ ನೆಟ್ಟಾಗ ಹೇಳಿದ್ದು ಒಂದೇ ಮಾತು: ಗಿಡಗಳ ಲೆಕ್ಕ ಕಾಡಿನ ಲೆಕ್ಕವಲ್ಲ. ಗದ್ದೆಯಲ್ಲಿಯೂ ಹೀಗೆಯೇ ಆಯಿತು. 1960ರ ದಶಕದಲ್ಲಿ ಐಆರ್-8 ಬಂದ ಮೇಲೆ ರಾಜಮುಡಿ, ಗಂಧಸಾಲೆಗಳು ಮೂಲೆ ಸೇರಿದವು. ಆದರೂ ಯಾವುದೋ ಅಜ್ಜಿಯ ಕಣಜದಲ್ಲಿ ಆ ಬೀಜ ಉಳಿದಿತ್ತು. ಮೀನಿಗೆ ಕಣಜವಿಲ್ಲ. ಹೊಳೆಯಲ್ಲಿ ಅಳಿದ ಮೀನಿನ ಬೀಜವನ್ನು ಯಾವ ಅಜ್ಜಿಯೂ ತೆಗೆದಿಟ್ಟಿರುವುದಿಲ್ಲ.

ಕಿತ್ತು ಹಾಕುವ ಅವಕಾಶವೂ ಇಲ್ಲಿಲ್ಲ. ಅಕೇಶಿಯಾ ತೋಪನ್ನು ಕಡಿಯಬಹುದು, ಐಆರ್-8 ಬಿತ್ತುವುದನ್ನು ನಿಲ್ಲಿಸಬಹುದು. ನದಿಗೆ ಬಿಟ್ಟು, ಅಲ್ಲಿ ಬೇರೂರಿ, ಮರಿಮಾಡಿದ ಮೀನನ್ನು ಹಿಂದಕ್ಕೆ ಕರೆಯುವ ವಿದ್ಯೆ ಯಾವ ಇಲಾಖೆಗೂ ಗೊತ್ತಿಲ್ಲ. ಆಫ್ರಿಕದ ಕ್ಯಾಟ್‌ಫಿಶ್ ಇದಕ್ಕೆ ಸಾಕ್ಷಿ. ಅದರ ಸಾಕಣೆಗೆ ನಿಷೇಧವಿದೆ, ಮೀನು ಮಾತ್ರ ನಿಷೇಧವನ್ನು ಓದಲಿಲ್ಲ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ ಇಂದು ದಕ್ಷಿಣ ಭಾರತದ ಕೆರೆ, ಜಲಾಶಯಗಳಲ್ಲಿ ಹಾಸುಹೊಕ್ಕಾಗಿದೆ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ನದಿಗಳಿಗೆ ಮೀನುಮರಿ ಬಿಡುವುದೂ ಒಂದು ಕಾರ್ಯಕ್ರಮವಾಗಿ ಸೇರಿಕೊಂಡಿತು. ಬಿಡುವುದು ದೇಶಿ ತಳಿಯನ್ನೇ ಎಂಬ ಸಮಜಾಯಿಷಿ ಕೇಳಲು ಹಿತವಾಗಿದೆ. ಆದರೆ ಯಾವ ದೇಶ? ಕಾಟ್ಲಾ, ರೋಹು, ಮೃಗಾಲ್‌ಗಳು ಮೂಲತಃ ಗಂಗೆಯ ಬಯಲಿನವು. ಪಾಸ್‌ಪೋರ್ಟ್ ನೋಡಿದರೆ ಅವು ಭಾರತೀಯ ಮೀನುಗಳು, ತುಂಗೆಯ ಗೆಂಡೆಗೆ ಅವು ಪರದೇಶಿಗಳೇ. ಮೀನಿನ ದೇಶ ಅದರ ಕೊಳ್ಳ. ದಖನ್ ಮಹಶೀರ್ ಕೃಷ್ಣಾ ಕೊಳ್ಳಕ್ಕೆ ಸೇರಿದ ತುಂಗೆಯಲ್ಲಿ ಮನೆಮಗ, ಕಾವೇರಿಯಲ್ಲಿ ಒಕ್ಕಲೆಬ್ಬಿಸಲು ಬಂದವನು. ಈ ಸರಳ ಸತ್ಯವನ್ನು ಯೋಜನೆಯ ನಮೂನೆಗಳಲ್ಲಿ ಬರೆಯಲು ಒಂದು ಅಂಕಣವೂ ಇಲ್ಲದಿದ್ದರೆ, ಆ ಯೋಜನೆ ಮೀನಿನ ಹಿತಕ್ಕಾಗಿ ರೂಪುಗೊಂಡದ್ದಲ್ಲ.

ಬಡವರಿಗೆ ಮೀನು ಬೇಡವೇ ಎಂಬ ಪ್ರಶ್ನೆ ಬರುತ್ತದೆ. ಖಂಡಿತ ಬೇಕು. ಅದಕ್ಕೆ ಕೆರೆ, ಕೃಷಿಹೊಂಡಗಳಿವೆ. ಸಾಕುವ ಮೀನನ್ನು ಸಾಕುವಲ್ಲಿ ಸಾಕಲಿ. ಹಟ್ಟಿಯ ದನವನ್ನು ಕಾಡಿಗೆ ಅಟ್ಟಿ, ಕಾಡುಕೋಣ ಹೆಚ್ಚಿತೆಂದು ಲೆಕ್ಕ ಬರೆಯುವವರನ್ನು ಊರಿನವರು ನಗುತ್ತಾರೆ. ನದಿಯಲ್ಲಿ ಅದೇ ಲೆಕ್ಕ ಬರೆದವರಿಗೆ ಶಾಲು ಹೊದಿಸಲಾಗುತ್ತಿದೆ.

ದೇವರ ಮೀನು ಉಳಿದ ಬಗೆ

ಹಾಗಾದರೆ ಮೀನನ್ನು ಉಳಿಸುವ ದಾರಿ ಯಾವುದು? ಉತ್ತರ ಶೃಂಗೇರಿಯ ತುಂಗೆಯ ಮೆಟ್ಟಿಲುಗಳ ಕೆಳಗಿದೆ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿದೆ, ಕಾವೇರಿ ದಡದ ರಾಮನಾಥಪುರದಲ್ಲಿದೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲಾ ಹೊಳೆಯಲ್ಲಿದೆ. ಈ ಮತ್ಸ್ಯಧಾಮಗಳನ್ನು ಕಟ್ಟಿದವರು ಮರಿ ತಂದು ಸುರಿಯಲಿಲ್ಲ. ಹೊಳೆಯ ಒಂದಷ್ಟು ಉದ್ದಕ್ಕೆ ಬಲೆ, ಗಾಳ, ತೋಟೆ ಸಲ್ಲದೆಂದು ಕಟ್ಟು ಹಾಕಿದರು. ಮೀನು ತನ್ನ ಪಾಡಿಗೆ ತಾನು ಉಳಿಯಿತು. ಖರ್ಚಿಲ್ಲದ, ಟೆಂಡರಿಲ್ಲದ ಈ ಸಂರಕ್ಷಣೆ ತಲೆಮಾರುಗಳಿಂದ ನಡೆದುಬಂದಿದೆ. ತುಂಗೆಯ ಮತ್ಸ್ಯಧಾಮದ ಮಡುಗಳಲ್ಲಿ ಮಹಶೀರ್ ಒಂದೇ ಅಲ್ಲ, ಹೊಳೆಯ ಇತರ ಗೆಂಡೆಗಳೂ ಅದೇ ಕಟ್ಟಿನ ನೆರಳಲ್ಲಿ ಬದುಕಿವೆ. ಮೇಲೆ ಹೇಳಿದ ಸೊಪ್ಪು ಮೇಯುವ ಗೆಂಡೆಯೂ ಐಯುಸಿಎನ್ ಪಟ್ಟಿಯಲ್ಲಿ ಅತ್ಯಂತ ಅಪಾಯದಲ್ಲಿರುವ ವರ್ಗದ್ದು. ಅಂಥ ಮೀನಿಗೆ ಒಂದು ಮಡುವಿನ ಆಸರೆಯೂ ದೊಡ್ಡದು.

ಆದರೆ ದೇವರ ಮಡುವೇ ಸಾಕೆಂದು ಕೈಕಟ್ಟಿ ಕೂರುವಂತಿಲ್ಲ. 1996ರಲ್ಲಿ ಶಿಶಿಲದಲ್ಲಿ ದುಷ್ಕರ್ಮಿಗಳು ಹೊಳೆಗೆ ವಿಷ ಬೆರೆಸಿದಾಗ ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗೆ ಊರಿನವರು ಸ್ಮಾರಕ ಕಟ್ಟಿದರು. ಮನುಷ್ಯರಿಗೂ ಅಷ್ಟು ಬೇಗ ಸ್ಮಾರಕ ಏಳದ ಕಾಲದಲ್ಲಿ ಮೀನಿಗೆ ಗೋರಿ ಕಟ್ಟಿದ ಆ ಊರಿನ ಕಣ್ಣೀರು ಸಣ್ಣದಲ್ಲ. ಜೊತೆಗೆ ಅದು ಒಂದು ಎಚ್ಚರಿಕೆ. ಎಲ್ಲ ಮೀನೂ ಒಂದೇ ಮಡುವಿನಲ್ಲಿ ಉಳಿದರೆ ಅವೆಲ್ಲವನ್ನೂ ಮುಗಿಸಲು ಒಂದು ರಾತ್ರಿ ಸಾಕು. ಯಾತ್ರಿಕರು ಎಸೆಯುವ ಮಂಡಕ್ಕಿಯಿಂದ ಮೀನು ಕೊಬ್ಬಬಹುದು, ಸಂತತಿ ಬೆಳೆಯದು. ಮಹಶೀರ್ ಮೊಟ್ಟೆಯಿಡುವುದಕ್ಕೆ ಮಳೆಗಾಲದ ಹೊಸ ನೀರಿನಲ್ಲಿ ಮೇಲಕ್ಕೆ ಹತ್ತಬೇಕು, ತಿಳಿಯಾಗಿ ಹರಿಯುವ ನೀರಿನ ತಳದಲ್ಲಿ ಶುಭ್ರವಾದ ನೊರಜುಗಲ್ಲು ಇರಬೇಕು. ಮಡು ಅದರ ಮನೆಯ ಜಗಲಿ. ಹೆರಿಗೆಯ ಕೋಣೆ ಇರುವುದು ಮೇಲಿನ ತೊರೆಗಳಲ್ಲಿ.

ಸಮಾರಂಭದಲ್ಲಿ ಹೇಳದ ಮಾತು

ಮರಿ ಬಿಡುವವರು ಬಾಯಿಬಿಡದಿರುವುದು ಆ ಹೆರಿಗೆಯ ಕೋಣೆಯ ಬಗ್ಗೆಯೇ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 25 ಮೆಗಾವ್ಯಾಟ್‌ಗಿಂತ ಕಡಿಮೆ ಸಾಮರ್ಥ್ಯದ ಜಲವಿದ್ಯುತ್ ಯೋಜನೆಗೆ ಪರಿಸರ ಪರಿಣಾಮದ ಅಧ್ಯಯನವೇ ಬೇಕಿಲ್ಲ. ಘಟ್ಟದ ಹೊಳೆಗಳಿಗೆ ಅಡ್ಡಲಾಗಿ ಒಡ್ಡು ಕಟ್ಟಿ, ನೀರನ್ನು ಕೊಳವೆಗೆ ತಿರುಗಿಸಿ, ನಡುವಿನ ಪಾತ್ರವನ್ನು ಒಣಗಿಸುವ ಕಿರು ಯೋಜನೆಗಳು ಈ ಬಾಗಿಲಿನಿಂದಲೇ ಒಳಬಂದವು. ‘ಕಿರು’ ಎಂಬುದು ವಿದ್ಯುತ್ತಿನ ಅಳತೆ. ಹತ್ತಲು ಬಂದ ಮೀನಿಗೆ ಗೋಡೆ ಎಷ್ಟು ಮೆಗಾವ್ಯಾಟಿನದೆಂಬುದು ಮುಖ್ಯವಲ್ಲ. ನೇತ್ರಾವತಿಯ ತಲೆತೊರೆಗಳ ನೀರನ್ನು ಪೂರ್ವಕ್ಕೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ದೊರೆಯಿತು. ಕುಡಿಯುವ ನೀರೆಂಬ ಹೆಸರಿನಲ್ಲಿ ಆ ಯೋಜನೆಯೂ ಪರಿಣಾಮದ ಅಧ್ಯಯನದಿಂದ ನುಣುಚಿಕೊಂಡಿತು. ತಲೆತೊರೆಯೆಂದರೆ ಮೀನಿನ ಭಾಷೆಯಲ್ಲಿ ತೊಟ್ಟಿಲು. ತೊಟ್ಟಿಲನ್ನು ಒಯ್ದವರು ಮರುವರ್ಷ ಅದೇ ಹೊಳೆಗೆ ಚೀಲದಲ್ಲಿ ಮಕ್ಕಳನ್ನು ತಂದು ಬಿಟ್ಟರೆ ಆಶ್ಚರ್ಯಪಡಬೇಕಾಗಿಲ್ಲ.

ಮರಿ ಬಿಡುವ ಕಾರ್ಯಕ್ರಮದ ನಿಜವಾದ ಉಪಯೋಗ ಇದು. ಅದು ಯಾರನ್ನೂ ನೋಯಿಸುವುದಿಲ್ಲ. ಒಡ್ಡು ಕಟ್ಟಿದವನನ್ನು, ಮರಳು ಬಗೆದವನನ್ನು, ಕೊಳಚೆ ಹರಿಸಿದವನನ್ನು ಪ್ರಶ್ನಿಸದೆ ‘ನದಿಗಾಗಿ ದುಡಿದೆವು’ ಎನ್ನಲು ಅನುವಾಗುತ್ತದೆ. ಹಲ್ಲಿಲ್ಲದ ಮೀನಿಗೆ ಹಲ್ಲಿಲ್ಲದ ಸಂರಕ್ಷಣೆ.

ಊರಿನವರ ಪಾಲು

ದೂರುವ ಬೆರಳು ಹೊರಗಿನವರನ್ನು ಮಾತ್ರ ತೋರಿದರೆ ಅದು ಅರ್ಧ ಸತ್ಯ. ತೋಟೆ ಎಸೆಯುವವನು ದೆಹಲಿಯಿಂದ ಬರುವುದಿಲ್ಲ. ತೋಟೆ, ವಿಷಗಳಿಂದ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಆ ಕಾಯ್ದೆಗೆ ನೂರು ವರ್ಷ ದಾಟಿದರೂ ಬೇಸಿಗೆಯ ಮಡುಗಳಲ್ಲಿ ಸದ್ದು ನಿಂತಿಲ್ಲ. ಒಂದು ತೋಟೆಗೆ ಬುಟ್ಟಿ ತುಂಬ ಮೀನು ತೇಲುತ್ತದೆ, ಅದಕ್ಕಿಂತ ಹೆಚ್ಚು ತಳದಲ್ಲಿ ಸತ್ತು ಕೊಳೆಯುತ್ತದೆ. ಮುಂಗಾರಿನ ಮೊದಲ ಮಳೆಗೆ ಗದ್ದೆ, ತೋಡುಗಳಿಗೆ ಏರಿಬರುವ ಹತ್ತುಮೀನಿನ ಬೇಟೆ ಮಲೆನಾಡಿನ ಹಬ್ಬವೇ ಹೌದು. ಆದರೆ ಹತ್ತುವ ಮೀನಿನ ಹೊಟ್ಟೆಯಲ್ಲಿರುವುದು ಮುಂದಿನ ವರ್ಷದ ಮೀನು. ಅಜ್ಜನ ಕಾಲದಲ್ಲಿ ಕೂಣಿಗೆ ಬಿದ್ದಷ್ಟು ಹಿಡಿದು ಉಳಿದದ್ದು ದಾಟಿಹೋಗುತ್ತಿತ್ತು. ತೋಡಿನ ಬಾಯಿಗೆ ಅಡ್ಡಲಾಗಿ ಸೊಳ್ಳೆಪರದೆಯ ಬಲೆ ಕಟ್ಟುವ ಈ ಕಾಲದಲ್ಲಿ ಒಂದೂ ದಾಟುವುದಿಲ್ಲ.

ಅಡಿಕೆ ತೋಟದ ಮಾತೂ ಇದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಇರುತ್ತದೆ. ತಾಮ್ರ ಮೀನಿನ ಕಿವಿರಿಗೆ ವಿಷ. ಕೊಳೆಯಿಂದ ತೋಟ ಉಳಿಸಿಕೊಳ್ಳಬೇಡಿರೆಂದು ರೈತನಿಗೆ ಹೇಳುವುದು ಅವಿವೇಕ. ಉಳಿದ ದ್ರಾವಣವನ್ನು ಚೆಲ್ಲಿ, ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವುದನ್ನು ಬಿಡಬಹುದು. ಅದಕ್ಕೆ ಸರ್ಕಾರದ ಅನುಮತಿ ಬೇಕಿಲ್ಲ.

ಆಗಬೇಕಾದದ್ದು

ಮೊದಲನೆಯದಾಗಿ, ಯಾವ ಹೊಳೆಗೂ ಆ ಕೊಳ್ಳಕ್ಕೆ ಸೇರದ ಮೀನನ್ನು ಬಿಡಕೂಡದು. ಆ ಕೊಳ್ಳದ್ದೇ ಮೀನಾದರೂ ತಾಯಿಮೀನು ಯಾವ ಹೊಳೆಯದೆಂಬ ಲಿಖಿತ ದಾಖಲೆ ಇಲ್ಲದೆ ಬಿಡಕೂಡದು.

ಎರಡನೆಯದಾಗಿ, 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯತಿಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ಜೀವಂತವಾಗಬೇಕು. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಮರ, ಹಕ್ಕಿಗಳ ಜೊತೆಗೆ ಹೊಳೆಯ ಮೀನುಗಳ ಊರ ಹೆಸರು, ಮೊಟ್ಟೆಯಿಡುವ ಜಾಗ, ಹತ್ತುವ ಕಾಲ ಸೇರಬೇಕು. ಈ ಕೆಲಸಕ್ಕೆ ಕಾಲೇಜಿನ ವಿದ್ಯಾರ್ಥಿಗಳಿಗಿಂತ ಯೋಗ್ಯರಿಲ್ಲ, ಹೊಳೆದಡದ ಹಿರಿಯರಿಗಿಂತ ಒಳ್ಳೆಯ ಗುರುಗಳಿಲ್ಲ. ಆ ಪಟ್ಟಿ ಕೈಯಲ್ಲಿದ್ದರೆ, ಮರಿಯ ಚೀಲ ಬಂದ ದಿನ ಪ್ರಶ್ನಿಸಲು ಊರಿಗೆ ಆಧಾರವಿರುತ್ತದೆ.

ಮೂರನೆಯದಾಗಿ, ದೇವರ ಮಡುವಿನ ಕಟ್ಟು ಮೇಲಿನ ತೊರೆಗಳ ತನಕ ವಿಸ್ತರಿಸಬೇಕು. ಮುಂಗಾರಿನ ಮೊದಲ ವಾರಗಳಲ್ಲಿ ಹತ್ತುಮೀನಿಗೆ ದಾರಿ ಬಿಡುವ ನಿರ್ಣಯವನ್ನು ಗ್ರಾಮಸಭೆಯೇ ಮಾಡಬಹುದು. ದಡದ ಅತ್ತಿ, ನೇರಳೆ, ಹೊಳೆಮತ್ತಿ ಮರಗಳಿಗೂ ಈ ಕಟ್ಟು ಅನ್ವಯಿಸಬೇಕು.

ನಾಲ್ಕನೆಯದಾಗಿ, 25 ಮೆಗಾವ್ಯಾಟಿನ ವಿನಾಯಿತಿ ಪಶ್ಚಿಮ ಘಟ್ಟದ ಹೊಳೆಗಳ ಮಟ್ಟಿಗೆ ರದ್ದಾಗಬೇಕು. ಮೀನಿನ ಹೆರಿಗೆಯ ಜಾಗವನ್ನು ಗುರುತಿಸದೆ ಒಂದು ಕಲ್ಲನ್ನೂ ಹೊಳೆಗೆ ಅಡ್ಡ ಇಡಲು ಬಿಡಬಾರದು.

ಕಾವೇರಿಯ ಗೂನುಬೆನ್ನಿನ ಮೀನು ಇನ್ನೂ ಪೂರ್ತಿ ಅಳಿದಿಲ್ಲ. ಮಲೆನಾಡಿನ ಗೆಂಡೆಗಳಿಗೆ ಅಷ್ಟು ದುರ್ಗತಿ ಇನ್ನೂ ಬಂದಿಲ್ಲ. ಕಚ್ಚಲು ಬಾರದ ಈ ಮೀನುಗಳು ತಮ್ಮ ಪರವಾಗಿ ವಾದಿಸಲಾರವು. ಮುಂದಿನ ಬಾರಿ ಚೀಲದ ಬಾಯಿ ಬಿಚ್ಚುವ ಮೊದಲು ಹೊಳೆಯ ದಡದಲ್ಲಿ ಯಾರಾದರೊಬ್ಬರು ಎದ್ದುನಿಂತು, ‘ಇದು ಯಾವ ಹೊಳೆಯ ಮೀನು?’ ಎಂದು ಕೇಳಬೇಕು. ಉತ್ತರ ಬರುವ ತನಕ ಚೀಲ ಕಟ್ಟಿಯೇ ಇರಲಿ.